ಜಾವಾ ಸದ್ದಿನ ಲೆಕ್ಕ

ನಮ್ಮ ಯಾವಗಲ್ ಸುತ್ತಲಿನ ಎರೆ ಹೊಲಗಳು ಪರಾತದ ಹಾಗೆ ಸಪಾಟು. ಅಡ್ಡಕ್ಕೆ ಗುಡ್ಡವಿಲ್ಲ, ದಟ್ಟ ಕಾಡಿಲ್ಲ. ಆದ್ದರಿಂದ ಇಲ್ಲಿ ಗಾಡಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ನರಗುಂದದ ಕಡೆಯಿಂದ ಬರುವುದು ಬಸ್ಸೋ ಟ್ರ್ಯಾಕ್ಟರೋ, ರೋಣದ ಕಡೆಯಿಂದ ಬರುವುದು ಬುಲೆಟ್ಟೋ ಜಾವಾನೋ ಎಂದು ಕಟ್ಟೆಯ ಮೇಲೆ ಕುಳಿತವರು ತಲೆ ಎತ್ತದೆ ಹೇಳುತ್ತಿದ್ದರು. 1970ರ ದಶಕದಲ್ಲಿ ಊರಿಗೆ ಬರುವ ಮೋಟಾರ್ ಸೈಕಲ್‌ಗಳೇ ಬೆರಳೆಣಿಕೆಯಷ್ಟು. ಹಾಗಾಗಿ ಪ್ರತಿಯೊಂದರ ಸದ್ದಿಗೂ ನಮ್ಮ ಕಿವಿಯಲ್ಲಿ ಒಂದು ಖಾತೆ ಇತ್ತು ಎನ್ನಬಹುದು.

ಈಗ ನನ್ನ ಮೊಮ್ಮಗ ಹೈಸ್ಕೂಲಿನಲ್ಲಿದ್ದಾನೆ. ಅವನಿಗೂ ಗಾಡಿಗಳ ಸದ್ದೆಂದರೆ ಪ್ರಾಣ. ಆದರೆ ಅವನ ಗಾಡಿಗಳೆಲ್ಲ ಮೊಬೈಲಿನೊಳಗಿನ ಸ್ಪೋರ್ಟ್ಸ್ ಕಾರುಗಳು. ಕಾರಿನ ಹಿಂದಿನ ಕೊಳವೆ ಬಿಚ್ಚಿ ಬೇರೆಯದನ್ನು ಕೂರಿಸುತ್ತಾರೆ, ಕಾರು ಹುಲಿಯ ಹಾಗೆ ಗರ್ಜಿಸುತ್ತದೆ. ಅದನ್ನು ನೋಡಿ ಅವನು ಕೇಳಿದ: "ಅಜ್ಜಾ, ಬರೇ ಒಂದು ಪೈಪ್ ಬದಲ್ ಮಾಡಿದ್ರ ಗಾಡಿ ಹಿಂಗ ಗುರ್ ಅಂತದೇನು? ಮಾಮಾನ ಬುಲೆಟ್ಟಿಗೂ ಹಾಕಿಸೋಣಲ್ಲ?"

ಮಾಮಾ ಅಂದರೆ ನನ್ನ ಕಿರಿ ಮಗ. ಅವನಿಗೂ ಆ ಆಸೆ ಇತ್ತು. ಅಂಗಡಿಯವರಿಂದ ಬೆಲೆಯನ್ನೂ ಕೇಳಿ ಬಂದಿದ್ದ. ಬೈದು ಬಾಯಿ ಮುಚ್ಚಿಸುವುದು ಸುಲಭವಿತ್ತು. ಆದರೆ ಪ್ರಶ್ನೆ ಒಳ್ಳೆಯದು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಎಂಜಿನಿಯರ್ ಅಲ್ಲ. ಲೆಕ್ಕವೊಂದೇ ನನ್ನ ಕಸುಬು. ಆ ಲೆಕ್ಕದ ದಾರಿಯಲ್ಲೇ ಅವನಿಗೆ ಉತ್ತರ ಹೇಳಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಮೊಮ್ಮಕ್ಕಳು ಓದಲಿ; ನನ್ನ ವಾರಿಗೆಯವರು ಓದಿ ಮೊಮ್ಮಕ್ಕಳಿಗೆ ಹೇಳಲಿ.

ಸದ್ದು ಎಲ್ಲಿಂದ ಬರುತ್ತದೆ?

ಎಂಜಿನ್ನಿನ ಸಿಲಿಂಡರ್ ಒಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಂಡು ಉರಿಯುತ್ತದೆ. ಆ ಒತ್ತಡ ಪಿಸ್ಟನ್ನನ್ನು ತಳ್ಳುತ್ತದೆ. ಕೆಲಸ ಮುಗಿದ ಬಿಸಿ ಹೊಗೆ, ಬಾಗಿಲು ತೆರೆದ ಕೂಡಲೇ ಜಾತ್ರೆಯ ಜನರ ಹಾಗೆ ಒಮ್ಮೆಲೇ ಹೊರಗೆ ನುಗ್ಗುತ್ತದೆ. ಪ್ರತಿ ಸಲ ನುಗ್ಗಿದಾಗಲೂ ಗಾಳಿಯಲ್ಲಿ ಒಂದು ಪೆಟ್ಟು. ಆ ಪೆಟ್ಟುಗಳ ಸಾಲನ್ನೇ ನಾವು ಗಾಡಿಯ ಸದ್ದು ಎನ್ನುತ್ತೇವೆ.

ಈಗ ಲೆಕ್ಕ ಹಾಕೋಣ. ಬುಲೆಟ್ ನಾಲ್ಕು ಸ್ಟ್ರೋಕಿನ ಗಾಡಿ, ಒಂದೇ ಸಿಲಿಂಡರ್. ಎಂಜಿನ್ ಎರಡು ಸುತ್ತು ಸುತ್ತಿದರೆ ಒಂದು ಪೆಟ್ಟು. ನಿಂತಲ್ಲೇ ನಿಧಾನವಾಗಿ, ನಿಮಿಷಕ್ಕೆ 900 ಸುತ್ತು ಸುತ್ತುತ್ತಿದೆ ಎಂದುಕೊಳ್ಳಿ. ನಿಮಿಷಕ್ಕೆ 450 ಪೆಟ್ಟು, ಅಂದರೆ ಸೆಕೆಂಡಿಗೆ ಏಳೂವರೆ. ಇಷ್ಟು ನಿಧಾನವಾದ್ದರಿಂದಲೇ 'ಡುಗ್ ಡುಗ್ ಡುಗ್' ಎಂದು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ.

ಹಳೆಯ ಜಾವಾ ಎರಡು ಸ್ಟ್ರೋಕಿನ ಗಾಡಿ. ಅಲ್ಲಿ ಪ್ರತಿ ಸುತ್ತಿಗೂ ಒಂದು ಪೆಟ್ಟು. ಎರಡೂ ಗಾಡಿ ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುತ್ತಿದ್ದರೆ ಬುಲೆಟ್ಟಿನದು ಸೆಕೆಂಡಿಗೆ 25 ಪೆಟ್ಟು, ಜಾವಾದ್ದು 50. ಎರಡು ಪಟ್ಟು ಅಂದರೆ ಸಂಗೀತದಲ್ಲಿ ಸರಿಯಾಗಿ ಒಂದು ಸ್ಥಾಯಿ ಮೇಲೆ. ಕಟ್ಟೆಯ ಮೇಲಿನವರು ಎರಡನ್ನೂ ಬೇರೆ ಮಾಡುತ್ತಿದ್ದದ್ದು ಹೀಗೆ. ಸ್ಥಾಯಿಯ ಲೆಕ್ಕ ಗೊತ್ತಿಲ್ಲದಿದ್ದರೂ ಕಿವಿಗೆ ಗೊತ್ತಿತ್ತು.

ಇನ್ನು ಮೊಮ್ಮಗನ ಸ್ಪೋರ್ಟ್ಸ್ ಕಾರು. ಎಂಟು ಸಿಲಿಂಡರ್, ನಿಮಿಷಕ್ಕೆ 8000 ಸುತ್ತು ಎಂದು ಹಿಡಿಯಿರಿ. ಎರಡು ಸುತ್ತಿಗೆ ಎಂಟು ಪೆಟ್ಟು. ನಿಮಿಷಕ್ಕೆ 32,000, ಸೆಕೆಂಡಿಗೆ ಸುಮಾರು 533. ಇಷ್ಟು ಬೇಗ ಬಿದ್ದಾಗ ಕಿವಿಗೆ ಪೆಟ್ಟು ಕೇಳುವುದಿಲ್ಲ, ಒಂದು ಸ್ವರ ಕೇಳುತ್ತದೆ. ಅದಕ್ಕೇ ಅಂಥ ಕಾರು ಓಡಿದರೆ ಹಾಡಿದ ಹಾಗೆ ಅನ್ನಿಸುವುದು. ಇದರರ್ಥ ಇಷ್ಟೇ: ಗಾಡಿಯ ಮೂಲ ಸ್ವರವನ್ನು ಬರೆಯುವುದು ಎಂಜಿನ್. ಕೊಳವೆ ಬದಲಿಸಿದರೆ ಬುಲೆಟ್ಟು ಎಂಟು ಸಿಲಿಂಡರಿನ ಕಾರಾಗುವುದಿಲ್ಲ.

ಸೈಲೆನ್ಸರಿನ ಹೊಟ್ಟೆಯಲ್ಲಿ

ಹಾಗಾದರೆ ಕೊಳವೆಯ ಕೆಲಸವೇನು? ಮೋಟಾರು ಗಾಡಿಗಳು ಹುಟ್ಟಿದ ಹೊಸತರಲ್ಲೇ ಅವುಗಳ ಗದ್ದಲಕ್ಕೆ ಕುದುರೆಗಳು ಬೆದರುತ್ತಿದ್ದವು. ಅಮೆರಿಕದ ಇಂಡಿಯಾನಾದಲ್ಲಿ ರೀವ್ಸ್ ಸಹೋದರರು 1897ರಲ್ಲೇ ಮೋಟಾರು ಎಂಜಿನ್ನಿನ ಸೈಲೆನ್ಸರಿಗೆ ಪೇಟೆಂಟ್ ಪಡೆದರು. ಅಂದಿನಿಂದ ಅದರ ಒಳಗಿನ ಉಪಾಯ ಬಹಳ ಬದಲಾಗಿಲ್ಲ.

ಒಂದು ಉಪಾಯ ಕೋಣೆಗಳು. ಹೊಗೆ ಸಣ್ಣ ಕೊಳವೆಯಿಂದ ದೊಡ್ಡ ಕೋಣೆಗೆ ಬಂದು ಹಿಗ್ಗುತ್ತದೆ, ಮತ್ತೆ ತೂತುಗಳ ಮೂಲಕ ಇನ್ನೊಂದು ಕೋಣೆಗೆ ಹೋಗುತ್ತದೆ. ಪ್ರತಿ ತಿರುವಿನಲ್ಲೂ ಅಲೆಯ ಒಂದಿಷ್ಟು ಭಾಗ ಹಿಂದಕ್ಕೆ ಬಂದು, ಎದುರಿಗೆ ಬರುವ ಅಲೆಗೆ ಡಿಕ್ಕಿ ಹೊಡೆದು ಎರಡೂ ತಣ್ಣಗಾಗುತ್ತವೆ. ಜಮಾ ಮತ್ತು ಖರ್ಚು ಸಮವಾದರೆ ಬಾಕಿ ಸೊನ್ನೆ, ಅಷ್ಟೇ. ಇನ್ನೊಂದು ಉಪಾಯ, ತೂತು ಕೊರೆದ ಕೊಳವೆಯ ಸುತ್ತ ಗಾಜಿನ ಉಣ್ಣೆ ತುಂಬುವುದು. ಅದು ಸದ್ದಿನ ಶಕ್ತಿಯನ್ನು ಹೀರಿ ಶಾಖವಾಗಿಸುತ್ತದೆ.

ಮೂರನೆಯದು ನನಗೆ ತುಂಬ ಇಷ್ಟ. ಮಕ್ಕಳೇ, ಒಂದು ಖಾಲಿ ಬಾಟಲಿ ತಗೊಂಡು ಅದರ ಬಾಯಿಗೆ ಅಡ್ಡವಾಗಿ ಊದಿ. 'ಊಂ' ಎಂದು ಒಂದೇ ಸ್ವರ ಬರುತ್ತದೆ. ಸ್ವಲ್ಪ ನೀರು ಹಾಕಿ ಊದಿ, ಸ್ವರ ಏರುತ್ತದೆ. ಬಾಟಲಿಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರವಿದೆ. ಇದರ ಶಾಸ್ತ್ರವನ್ನು 19ನೇ ಶತಮಾನದಲ್ಲಿ ಬರೆದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಕೊಳವೆಯ ಪಕ್ಕಕ್ಕೆ ಇಂಥದ್ದೊಂದು 'ಬಾಟಲಿ' ಜೋಡಿಸಿದರೆ, ಎಂಜಿನ್ನಿನ ಸದ್ದಿನಲ್ಲಿ ಬೇಡವಾದ ಆ ಒಂದು ಸ್ವರವನ್ನು ಮಾತ್ರ ಅದು ತಡೆದುಬಿಡುತ್ತದೆ. ಕಾರು ತಯಾರಿಸುವವರು ಸದ್ದನ್ನು ಬರೇ ಅಡಗಿಸುವುದಿಲ್ಲ. ಹೀಗೆ ಜರಡಿ ಹಿಡಿದು ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಆರಿಸುತ್ತಾರೆ.

ಮೈಸೂರಿನ ಜೋಡಿ ಕೊಳವೆ

ಇದಕ್ಕೆ ನಮ್ಮ ನಾಡಿನದೇ ಉದಾಹರಣೆ ಜಾವಾ. ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ರುಸ್ತುಮ್ ಇರಾನಿ ಮತ್ತು ಫಾರೂಖ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1961ರಿಂದ ಅಲ್ಲಿ ಗಾಡಿ ತಯಾರಾಗತೊಡಗಿತು. 1970ರ ದಶಕದಲ್ಲಿ ಅದರ ಹೆಸರು 'ಯೆಜ್ಡಿ' ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈ ಗಾಡಿಯ ಮೋಜೇ ಬೇರೆ. ಕಿಕ್ ಹೊಡೆಯುವ ಸನ್ನೆಯೇ ಮಡಚಿದರೆ ಗೇರ್ ಸನ್ನೆ! ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಹಿಂದೆ ನೀಲಿ ಹೊಗೆ. ಇರುವುದು ಒಂದೇ ಸಿಲಿಂಡರ್, 250 ಸಿಸಿ. ಆದರೆ ಹೊಗೆ ಹೋಗಲು ಎರಡು ಬಾಗಿಲು, ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ನಮ್ಮ ಬ್ಯಾಂಕಿಗೆ ಬರುತ್ತಿದ್ದ ಹತ್ತಿ ವ್ಯಾಪಾರಿಯೊಬ್ಬರ ಜಾವಾ ಬಾಗಿಲಲ್ಲಿ ನಿಂತರೆ, ನಾವು ತಲೆ ಎತ್ತದೆ ಅವರ ಲೆಡ್ಜರ್ ತೆಗೆದಿಡುತ್ತಿದ್ದೆವು.

ಎರಡು ಸ್ಟ್ರೋಕಿನ ಗಾಡಿಯಲ್ಲಿ ಸೈಲೆನ್ಸರ್ ಸದ್ದು ಅಡಗಿಸುವ ಡಬ್ಬಿ ಮಾತ್ರವಲ್ಲ, ಎಂಜಿನ್ನಿನದೇ ಒಂದು ಅಂಗ. ಹಳೆ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲು ಮಿಶ್ರಣ ಒಳಗೆ ಬರುತ್ತಿರುತ್ತದೆ. ಬಾಗಿಲು ತೆರೆದೇ ಇರುವುದರಿಂದ ಹೊಸದರಲ್ಲೂ ಒಂದಿಷ್ಟು ಹೊಗೆಯ ಬೆನ್ನು ಹತ್ತಿ ಹೋಗಿಬಿಡುತ್ತದೆ. ಕೊಳವೆಯ ಉದ್ದ, ಅಗಲ, ಒಳಗಿನ ತಡೆ ಸರಿ ಇದ್ದರೆ ಒತ್ತಡದ ಅಲೆ ತುದಿಗೆ ಬಡಿದು ಹಿಂದಿರುಗಿ, ತಪ್ಪಿಸಿಕೊಳ್ಳುತ್ತಿದ್ದ ಮಿಶ್ರಣವನ್ನು ಮತ್ತೆ ಒಳಗೆ ನೂಕುತ್ತದೆ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಈ ಅಲೆಯ ಲೆಕ್ಕವನ್ನೇ ಹಿಡಿದು, ಹೊಟ್ಟೆ ಉಬ್ಬಿದ ಕೊಳವೆಗಳನ್ನು ಮಾಡಿ, ರೇಸಿನ ಗಾಡಿಗಳ ಶಕ್ತಿಯನ್ನು ಏರಿಸಿದರು.

ಜಾವಾದ ಸೈಲೆನ್ಸರ್ ಒಳಗೆ ಬ್ಯಾಫಲ್ ಎಂಬ ತೂತಿನ ಕೊಳವೆ ಇರುತ್ತದೆ. ಒಂದು ಸ್ಕ್ರೂ ಬಿಚ್ಚಿದರೆ ಕೈಗೇ ಬರುತ್ತದೆ. ಎಣ್ಣೆಯ ಮಸಿ ಅದಕ್ಕೆ ಮೆತ್ತಿಕೊಂಡು ತೂತು ಮುಚ್ಚಿದರೆ ಗಾಡಿ ಏರು ಹತ್ತದೆ ಮುನಿಸಿಕೊಳ್ಳುತ್ತದೆ. ಆಗ ಮೆಕ್ಯಾನಿಕರು ಅದನ್ನು ಬೆಂಕಿಯಲ್ಲಿ ಸುಟ್ಟು, ಮಸಿ ಉದುರಿಸಿ, ಮತ್ತೆ ಕೂರಿಸುತ್ತಿದ್ದರು. ಕೆಲವು ಹುಡುಗರು ಮಾತ್ರ ಮತ್ತೆ ಕೂರಿಸಲು ಬಿಡುತ್ತಿರಲಿಲ್ಲ. ಬ್ಯಾಫಲ್ ಇಲ್ಲದ ಜಾವಾ ಓಣಿಯನ್ನೇ ಎಬ್ಬಿಸುತ್ತಿತ್ತು. ಸವಾರನಿಗೆ ಗಾಡಿ ಹಾರುತ್ತಿದೆ ಎನ್ನಿಸುತ್ತಿತ್ತು. ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಹತ್ತಿಯ ಗಂಟು ಹೇರಿಕೊಂಡು ಕಡಿಮೆ ವೇಗದಲ್ಲಿ ಏರು ಹತ್ತುವಾಗ ಅದೇ ಗಾಡಿ ಉಸಿರು ಬಿಡುತ್ತಿತ್ತು. ಸದ್ದು ಜಮಾ, ಶಕ್ತಿ ಖರ್ಚು, ಮೇಲೆ ಪೆಟ್ರೋಲಿನ ಬಡ್ಡಿ.

ನಮ್ಮ ವಾರಿಗೆಯ ಮೆಕ್ಯಾನಿಕ್ ಗೆಳೆಯನೊಬ್ಬ ಇದಕ್ಕೆ ಹೇಳುತ್ತಿದ್ದ ಮಾತು: "ಕೊಳಲಿನ ತೂತು ದೊಡ್ಡದು ಮಾಡಿದ್ರ ಸದ್ದು ದೊಡ್ಡದಾಗಂಗಿಲ್ಲೋ, ರಾಗ ಕೆಡತದ."

ಸ್ಪೋರ್ಟ್ಸ್ ಕಾರಿನವರು ಏನು ಮಾಡುತ್ತಾರೆ?

ಮೊಬೈಲಿನಲ್ಲಿ ಕಾಣುವುದು ಕೊನೆಯ ಗರ್ಜನೆ ಮಾತ್ರ. ಅದರ ಹಿಂದೆ ಕೆಲಸ ಬಹಳವಿದೆ. ಒಳ್ಳೆಯ ಕುಶಲಿಗರು ಮೊದಲು ನೋಡುವುದು ಎಂಜಿನ್ನಿನಿಂದ ಹೊರಡುವ ಕೊಳವೆಗಳನ್ನು. ಎಲ್ಲ ಸಿಲಿಂಡರುಗಳ ಕೊಳವೆಗಳೂ ಒಂದೇ ಉದ್ದವಿದ್ದರೆ ಪೆಟ್ಟುಗಳು ತಾಳ ತಪ್ಪದೆ ಒಂದರ ಹಿಂದೊಂದು ಬಂದು ಸೇರುತ್ತವೆ, ಸದ್ದು ನಯವಾಗುತ್ತದೆ. ಬಾಗುವಲ್ಲಿ ಕೊಳವೆ ಚಪ್ಪಟೆಯಾಗದಂತೆ ಬಗ್ಗಿಸುತ್ತಾರೆ. ತುಕ್ಕು ಹಿಡಿಯದ ಸ್ಟೀಲನ್ನೋ, ತೂಕ ಇಳಿಸಬೇಕೆಂದರೆ ದುಬಾರಿ ಟೈಟೇನಿಯಮ್ಮನ್ನೋ ಬಳಸುತ್ತಾರೆ.

ಕೆಲವು ಕಾರುಗಳಲ್ಲಿ ಕೊಳವೆಯೊಳಗೆ ಚಿಟ್ಟೆಯ ರೆಕ್ಕೆಯಂಥ ಒಂದು ಬಾಗಿಲು ಇರುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಅದು ಮುಚ್ಚಿ, ಹೊಗೆ ಸೈಲೆನ್ಸರಿನ ಸುತ್ತುದಾರಿಯಲ್ಲಿ ಹೋಗುತ್ತದೆ. ರೇಸಿನ ದಾರಿಯಲ್ಲಿ ತೆರೆದರೆ ನೇರ ದಾರಿ. ಸದ್ದು ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ವಿವೇಕವನ್ನು ಯಂತ್ರಕ್ಕೇ ಕಲಿಸಿದ ಹಾಗೆ!

ಬೇಕಾಬಿಟ್ಟಿ ಕೊಳವೆ ಹಾಕಿದರೆ ಇನ್ನೊಂದು ತೊಂದರೆ. ಒಂದು ವೇಗದಲ್ಲಿ ಎಂಜಿನ್ನಿನ ಸ್ವರವೂ ಕಾರಿನೊಳಗಿನ ಗಾಳಿಯ ಸ್ವರವೂ ಕೂಡಿಬಿಡುತ್ತವೆ. ನಮ್ಮ ಬಾಟಲಿಯ ಆಟವೇ, ಆದರೆ ಈಗ ಬಾಟಲಿಯ ಒಳಗೆ ಕುಳಿತವರು ನಾವು! ಹೆದ್ದಾರಿಯಲ್ಲಿ ಗಂಟೆಗಟ್ಟಲೆ 'ಗುಂಯ್' ಎಂದು ಕಿವಿ ಒತ್ತುತ್ತದೆ. ಮೊದಲ ದಿನ ಖುಷಿ, ಹತ್ತನೆಯ ದಿನ ತಲೆನೋವು.

ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವೂ ಈ ಕೊಳವೆಯ ಸಾಲಿನಲ್ಲೇ ಇರುತ್ತದೆ. ಅದರಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೋಹಗಳ ತೆಳು ಲೇಪವಿದ್ದು, ಕಾರ್ಬನ್ ಮೊನಾಕ್ಸೈಡಿನಂಥ ವಿಷವನ್ನು ಬದಲಿಸಿ ಬಿಡುತ್ತದೆ. ಸದ್ದಿಗಾಗಿ ಅದನ್ನು ತೆಗೆಸುವವರಿದ್ದಾರೆ. ಸದ್ದು ಬಂದೀತು, ಜೊತೆಗೆ ವಿಷವೂ ಬರುತ್ತದೆ. ಅದನ್ನು ಉಸಿರಾಡುವವರು ಹಿಂದೆ ಸೈಕಲ್ ಮೇಲೆ ಬರುವ ಶಾಲೆಯ ಮಕ್ಕಳು.

ಡೆಸಿಬೆಲ್ ಎಂಬ ಚಕ್ರಬಡ್ಡಿ

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಇದು ಸಾದಾ ಲೆಕ್ಕವಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಇಪ್ಪತ್ತು ಏರಿದರೆ ನೂರು ಪಟ್ಟು. 80 ಇದ್ದದ್ದು 100 ಆಯಿತು ಎಂದರೆ ಕಾಲುಭಾಗ ಹೆಚ್ಚಾಯಿತು ಎಂದು ಯಾರೂ ತಿಳಿಯಬಾರದು.

ನಮ್ಮ ದೇಶದಲ್ಲಿ ಹೊಸ ಮೋಟಾರ್ ಸೈಕಲ್ ಕಾರ್ಖಾನೆಯಿಂದ ಹೊರಡುವಾಗಲೇ ಅದರ ಸದ್ದಿಗೆ ಮಿತಿ ಇದೆ: 80 ಸಿಸಿವರೆಗೆ 75 ಡೆಸಿಬೆಲ್, 175 ಸಿಸಿವರೆಗೆ 77, ಅದಕ್ಕೂ ದೊಡ್ಡದಾದರೆ 80. ಮನೆಗಳಿರುವ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ದಾಟಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಶಬ್ದದ ಮಿತಿ ಮುರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹರಿಸಿದ್ದನ್ನು ಪತ್ರಿಕೆಗಳಲ್ಲಿ ನೋಡಿರುತ್ತೀರಿ.

ನಮ್ಮಂಥ ಬಯಲು ಸೀಮೆಗೆ ಇನ್ನೊಂದು ಮಾತು. ಚಳಿಗಾಲದ ರಾತ್ರಿ ಎರೆ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಬೆಚ್ಚನೆಯ ಗಾಳಿಯಲ್ಲಿ ಸದ್ದು ವೇಗವಾಗಿ ಹೋಗುವುದರಿಂದ ಮೇಲಕ್ಕೆ ಹೊರಟ ಅಲೆ ಬಾಗಿ ಮತ್ತೆ ನೆಲದ ಕಡೆಗೇ ಇಳಿಯುತ್ತದೆ. ಹಿಂಗಾರಿ ಜೋಳ ಕಾಯುವವರಿಗೆ ದೂರದ ಭಜನೆ ಸ್ಪಷ್ಟ ಕೇಳುವುದು ಇದರಿಂದಲೇ. ಭಜನೆ ಕೇಳಿದಂತೆ ಬ್ಯಾಫಲ್ ಇಲ್ಲದ ಗಾಡಿಯೂ ಕೇಳುತ್ತದೆ. ಸವಾರ ಒಂದು ಊರು ದಾಟಿ ಹೋಗುತ್ತಾನೆ; ಅವನ ಸದ್ದು ಎರಡು ಊರಿನ ಹಸುಗೂಸುಗಳನ್ನು ಎಬ್ಬಿಸುತ್ತದೆ.

ಗೆಳೆಯನ ಕಿವಿ

ಮೇಲೆ ಹೇಳಿದ ಮೆಕ್ಯಾನಿಕ್ ಗೆಳೆಯ ನಲವತ್ತು ವರ್ಷ ಮೋಟಾರ್ ಸೈಕಲ್‌ಗಳ ನಡುವೆ ಬದುಕಿದವನು. ಸೈಲೆನ್ಸರ್ ಬಿಚ್ಚಿಟ್ಟ ಎಂಜಿನ್ನಿನ ಪಕ್ಕ ಕಿವಿ ಇಟ್ಟು, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದ. ಕಿವಿಗೆ ಹತ್ತಿ ಇಟ್ಟುಕೋ ಎಂದರೆ "ಹತ್ತಿ ಇಟ್ಕೊಂಡ್ರ ರೋಗ ಹೆಂಗ ತಿಳೀತದ?" ಎನ್ನುತ್ತಿದ್ದ. ವೈದ್ಯ ನಾಡಿ ನೋಡಿದ ಹಾಗಿತ್ತು ಅವನ ಕೆಲಸ.

ನಮ್ಮ ಒಳಗಿವಿಯಲ್ಲಿ ಶಂಖದಂಥ ಒಂದು ಸುರುಳಿ ಇದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ಕೂದಲ ಕೋಶಗಳು. ಸದ್ದಿನ ಅಲೆಗೆ ತೆನೆಗಳ ಹಾಗೆ ತೂಗಿ, ಮಿದುಳಿಗೆ ಸುದ್ದಿ ಕಳಿಸುವುದು ಅವೇ. ಅತಿ ಸದ್ದಿಗೆ ಅವು ಆಲಿಕಲ್ಲು ಬಿದ್ದ ಜೋಳದ ಹಾಗೆ ಮಲಗುತ್ತವೆ. ಜೋಳವನ್ನಾದರೂ ಮುಂದಿನ ವರ್ಷ ಬಿತ್ತಬಹುದು. ಮನುಷ್ಯನಲ್ಲಿ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದಲೇ ತಜ್ಞರು ಕೆಲಸದ ಸ್ಥಳದಲ್ಲಿ 85 ಡೆಸಿಬೆಲ್ ಸದ್ದಿದ್ದರೆ ಎಂಟು ಗಂಟೆ ಸಾಕು ಎನ್ನುತ್ತಾರೆ. 88 ಆದರೆ ನಾಲ್ಕು ಗಂಟೆ, 91 ಆದರೆ ಎರಡೇ ಗಂಟೆ. ಮೂರು ಏರಿದಾಗಲೊಮ್ಮೆ ಸಮಯ ಅರ್ಧ.

ಮೊದಲು ಹೋಗುವುದು ಸಣ್ಣ, ತೆಳು ಸದ್ದುಗಳು: ಹಕ್ಕಿಯ ಚಿಲಿಪಿಲಿ, 'ಸ', 'ಶ', 'ತ' ಅಕ್ಷರಗಳು, ಮತ್ತು ಮಕ್ಕಳ ದನಿ. ಗೆಳೆಯನಿಗೆ ಆದದ್ದೂ ಅದೇ. ಗಂಡಸರ ದಪ್ಪ ದನಿ ಅವನಿಗೆ ಇನ್ನೂ ಅಷ್ಟಿಷ್ಟು ಕೇಳುತ್ತದೆ. ನಾಲ್ಕು ವರ್ಷದ ಮೊಮ್ಮಗಳು ಬಾಯ್ತುಂಬ ಹೇಳುವ ಕತೆ ಮಾತ್ರ ಕೇಳುವುದಿಲ್ಲ. ಅವಳ ತುಟಿ ನೋಡುತ್ತ ತಲೆದೂಗುತ್ತಾನೆ. ಅವಳು ಎರಡೆರಡು ಸಲ ಹೇಳಿ, ಕೊನೆಗೆ ಅಜ್ಜಿಯ ಹತ್ತಿರ ಓಡುತ್ತಾಳೆ.

ನನ್ನ ಮಗನಿಗೆ ದಂಡದ ಲೆಕ್ಕ ಹೇಳಿದೆ, ನಕ್ಕ. ಶಕ್ತಿ ಕಡಿಮೆಯಾದೀತು ಎಂದೆ, ನೋಡೋಣ ಎಂದ. ಒಂದು ದಿನ ಗೆಳೆಯನ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ನಾನೇನೂ ಉಪದೇಶ ಮಾಡಲಿಲ್ಲ. ಮೊಮ್ಮಗಳು ಕತೆ ಹೇಳುತ್ತಿದ್ದಳು, ಅವನು ತಲೆದೂಗುತ್ತಿದ್ದ. ವಾಪಸು ಬರುವಾಗ ಮಗ ಅಂಗಡಿಯ ಮಾತು ಎತ್ತಲಿಲ್ಲ. ಮುಂದಿನ ವಾರ ಬುಲೆಟ್ಟಿನ ಹಳೆ ಸೈಲೆನ್ಸರಿನ ಸಡಿಲಾದ ಕ್ಲ್ಯಾಂಪ್ ಬಿಗಿ ಮಾಡಿಸಿ, ಸೋರುತ್ತಿದ್ದ ಗ್ಯಾಸ್ಕೆಟ್ ಬದಲಿಸಿಕೊಂಡು ಬಂದ. ಫಟಫಟ ಹೋಗಿ, ಗಾಡಿ ತನ್ನ ಹುಟ್ಟು ದನಿಗೆ ಬಂತು.

ಬದಲಿಸುವ ಮುನ್ನ

ಒಳ್ಳೆಯ ಸದ್ದಿನ ಆಸೆ ತಪ್ಪಲ್ಲ. ನಮ್ಮ ಗದಗ ಸೀಮೆ ಭೀಮಸೇನ ಜೋಶಿಯವರನ್ನು ಕೊಟ್ಟ ನೆಲ. ನಾದದ ರುಚಿ ನಮಗೆ ಹೊಸದಲ್ಲ. ಆದರೆ ನಾದ ಬೇರೆ, ಗದ್ದಲ ಬೇರೆ. ಗಾಡಿಯ ಕೊಳವೆ ಬದಲಿಸಬೇಕೆನ್ನುವ ತರುಣರು ಮೊದಲು ಈಗಿರುವುದು ಸೋರುತ್ತಿದೆಯೇ, ಮಸಿ ಕಟ್ಟಿದೆಯೇ ನೋಡಿಸಿ. ಹಾಕುವುದು ಆ ಗಾಡಿಗೆಂದೇ ಮಾಡಿ ಪರೀಕ್ಷೆಗೆ ಒಳಪಟ್ಟದ್ದೇ, ಆರ್‌ಟಿಒ ನಿಯಮಕ್ಕೆ ಒಪ್ಪುತ್ತದೆಯೇ ಕೇಳಿ. ಹೊಗೆ ಶುದ್ಧಿಯ ಭಾಗವನ್ನು ಮುಟ್ಟಬೇಡಿ. ಕೊನೆಗೆ, ರಾತ್ರಿ ಹತ್ತರ ಮೇಲೆ ನಿಮ್ಮ ಅಜ್ಜಿ ಮಲಗಿರುವ ಕಿಟಕಿಯ ಮುಂದೆ ಅದನ್ನು ಓಡಿಸಲು ಮನಸ್ಸು ಒಪ್ಪುತ್ತದೆಯೇ ಕೇಳಿಕೊಳ್ಳಿ.

2018ರಲ್ಲಿ ಜಾವಾ ಹೊಸ ಕಂಪನಿಯಿಂದ ಮತ್ತೆ ಬಂತು. ಈಗ ಅದು ನಾಲ್ಕು ಸ್ಟ್ರೋಕಿನ ಗಾಡಿ. ನೀಲಿ ಹೊಗೆ ಇಲ್ಲ, ಕಾನೂನಿನ ಮಿತಿಯೊಳಗೇ ಮಾತಾಡುತ್ತದೆ. ಆದರೂ ಒಂದೇ ಸಿಲಿಂಡರಿಗೆ ಜೋಡಿ ಸೈಲೆನ್ಸರ್ ಉಳಿಸಿಕೊಂಡಿದ್ದಾರೆ. ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರು ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಆಚರಿಸಿ ಒಟ್ಟಿಗೆ ಸವಾರಿ ಹೊರಡುತ್ತಾರೆ. ನಿಮ್ಮ ಊರಿನ ದಾರಿಯಲ್ಲಿ ಅವರು ಹಾದುಹೋದರೆ ಕಣ್ಣು ಮುಚ್ಚಿ ಕೇಳಿ. ಮಸಿ ತೆಗೆದು, ಬ್ಯಾಫಲ್ ಕೂರಿಸಿದ ಗಾಡಿ ಯಾವುದು, ಬೋಳು ಕೊಳವೆಯದು ಯಾವುದು ಎಂದು ನಿಮ್ಮ ಕಿವಿಯೇ ಹೇಳುತ್ತದೆ.